ಡ್ರಾಫ್ಟ್ ಬಿಯರ್ ಯಂತ್ರ: ಸಿದ್ಧವಾದದ್ದೋ, ನೀವೇ ಜೋಡಿಸಿದ್ದೋ?

ಮನೆಗೆ ಡ್ರಾಫ್ಟ್ ಬಿಯರ್ ವ್ಯವಸ್ಥೆ (ಫ್ರಿಜ್‌ನಲ್ಲಿಟ್ಟ ಪೀಪಾಯಿಯ ಬಿಯರನ್ನು ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡದಿಂದ ಕೊಳವೆಯ ಮೂಲಕ ನಲ್ಲಿಗೆ ತರುವ ಏರ್ಪಾಡು) ಬೇಕೆನ್ನುವವರು ಮೊದಲು ಒಂದು ವಿಷಯ ನೋಡಿಕೊಳ್ಳಿ: ಚೆನ್ನಾಗಿ ಓಡುವ ಹಳೆಯ ಫ್ರಿಜ್ ನಿಮ್ಮಲ್ಲಿದೆಯೇ? ಇದ್ದರೆ ನೀವೇ ಜೋಡಿಸುವುದು ಲಾಭ. ಇಲ್ಲದಿದ್ದರೆ, ಎಲ್ಲವನ್ನೂ ಹೊಸದಾಗಿ ಕೊಂಡು ಜೋಡಿಸುವಷ್ಟರಲ್ಲಿ ಉಳಿತಾಯ ಬಹುಪಾಲು ಕರಗಿಹೋಗುತ್ತದೆ. ಆಗ ಸಿದ್ಧ ಯಂತ್ರವೇ ಮೇಲು.

ಜೋಡಿಸುವವರು ದಯವಿಟ್ಟು ಅವಸರದಲ್ಲಿ ಫ್ರಿಜ್‌ನ ಪಕ್ಕದ ಗೋಡೆ ಕೊರೆಯಬೇಡಿ. ಅನೇಕ ಫ್ರಿಜ್‌ಗಳಲ್ಲಿ ಶೈತ್ಯಾನಿಲದ (ಫ್ರಿಜ್ ತಂಪು ಮಾಡುವ ಅನಿಲದ) ಕೊಳವೆಗಳು ಅಲ್ಲಿಯೇ ಅಡಗಿರುತ್ತವೆ. ಒಂದು ತೂತು ಬಿದ್ದರೆ ಫ್ರಿಜ್ ಮುಗಿಯಿತು, ಆ ಅನಿಲ ಹೊತ್ತಿಕೊಳ್ಳುವ ಬಗೆಯದಾದರೆ ಅಪಾಯವೂ ಇದೆ. ನಲ್ಲಿಯನ್ನು ಬಾಗಿಲಿಗೆ ಕೂರಿಸುವುದು ಸಾಮಾನ್ಯವಾಗಿ ಸುರಕ್ಷಿತ. ಮೇಲ್ಮುಚ್ಚಳದ ಡೀಪ್ ಫ್ರೀಜರ್ ಆದರೆ ಮುಚ್ಚಳದ ಕೆಳಗೆ ಮರದ ಚೌಕಟ್ಟು ಕೂರಿಸಿ ಅದನ್ನೇ ಕೊರೆಯಿರಿ. ಬಿಯರ್ ಹೆಪ್ಪುಗಟ್ಟದಂತೆ ಹೊರಗಿನ ಥರ್ಮೋಸ್ಟಾಟ್ (ತಾಪ ನಿಯಂತ್ರಕ) ಕೂಡ ಬೇಕು. 3ರಿಂದ 4 ಡಿಗ್ರಿ ಸೆಲ್ಸಿಯಸ್, 10ರಿಂದ 12 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಅನಿಲ ಒತ್ತಡ ಹೆಚ್ಚಿನ ಬಿಯರ್‌ಗಳಿಗೆ ಹೊಂದುತ್ತದೆ. ಬರೀ ನೊರೆ ಬಂದರೆ ಒತ್ತಡ ತಗ್ಗಿಸುವ ಬದಲು ಬಿಯರ್ ಕೊಳವೆಯನ್ನು ಉದ್ದ ಮಾಡಿ ನೋಡಿ.

ಅನಿಲ ಸಾಗುವ ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ಸೋರಿಕೆ ಪರೀಕ್ಷಿಸಿ. ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡರೆ ಪ್ರಾಣಕ್ಕೇ ಕುತ್ತು. ಸಿದ್ಧ ಯಂತ್ರ ಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ. ಎರಡು ವಾರಕ್ಕೊಮ್ಮೆ ಬಿಯರ್ ಕೊಳವೆ ತೊಳೆಯುವ ಕೆಲಸವಂತೂ ಇಬ್ಬರಿಗೂ ತಪ್ಪದು.