ಚುಕ್ಕಿ ಬಂದ ಮೇಲೆ ಬೈಲಾ ಓದಿದ್ದು

ಚುಕ್ಕಿ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ಮರಿ. ನಾಯಿಗೆ ಪರವಾನಗಿ ಮಾಡಿಸಬೇಕು ಅಂತ ಕೇಳಿದ್ದೆ, ನಿಧಾನವಾಗಿ ಮಾಡಿಸಿದರಾಯ್ತು ಅಂದುಕೊಂಡಿದ್ದೆ. ಅವಳಿಗೆ ಐದು ತಿಂಗಳಾಗುವ ಹೊತ್ತಿಗೆ ಒಂದೇ ವಾರದಲ್ಲಿ ಎರಡು ನೋಟಿಸು ಬಂದವು. ಒಂದು ಪಾಲಿಕೆಯದು: ನೋಂದಣಿ ಆಗಿಲ್ಲ ಯಾಕೆ ಅಂತ. ಇನ್ನೊಂದು ನಮ್ಮ ಕಟ್ಟಡದ ಸಂಘದ್ದು: ನಾಯಿಯನ್ನು ಲಿಫ್ಟ್‌ನಲ್ಲಿ ಕರೆದೊಯ್ಯಬಾರದು ಅಂತ. ಎರಡಕ್ಕೂ ಒಂದೇ ಸಮ ಹೆದರಿದೆ. ಆ ಹೆದರಿಕೆಯೇ ಮೊದಲ ತಪ್ಪು.

ಸಾಕುಪ್ರಾಣಿಯ ವಿಷಯದಲ್ಲಿ ನಿಯಮಗಳು ಒಂದರ ಮೇಲೊಂದು ಕೂತಿರುತ್ತವೆ. ಮೇಲೆ ದೇಶದ ಅಥವಾ ರಾಜ್ಯದ ಕಾನೂನು. ಪ್ರಾಣಿಹಿಂಸೆ, ರೇಬೀಸ್‌ನಂಥ ವಿಷಯ ಬಹುಮಟ್ಟಿಗೆ ಅಲ್ಲಿರುತ್ತದೆ. ಅದರ ಕೆಳಗೆ ನಗರದ ಬೈಲಾ, ಅಂದರೆ ಪಾಲಿಕೆಯೇ ಮಾಡಿದ ಸ್ಥಳೀಯ ನಿಯಮಗಳು: ನೋಂದಣಿ, ಹಗ್ಗ, ಮಲ, ಗದ್ದಲ, ಮನೆಗೆಷ್ಟು ಪ್ರಾಣಿ. ಕೊನೆಗೆ ಕಟ್ಟಡದ ಸಂಘ, ಮನೆ ಮಾಲೀಕರ ಕರಾರು. ಸಂಘದ ನೋಟಿಸು ಬೈಲಾ ಅಲ್ಲ. ಹಾಗಂತ ಹರಿದು ಬಿಸಾಡುವಂತೆಯೂ ಇಲ್ಲ, ಕರಾರಿಗೆ ಸಹಿ ಹಾಕಿದವರು ನಾವೇ ತಾನೆ? ಲಿಫ್ಟ್ ನಿಷೇಧ ನಮ್ಮ ಕರಾರಿನಲ್ಲೂ ಇರಲಿಲ್ಲ, ಸಂಘದ ನಿಯಮಾವಳಿಯಲ್ಲೂ ಇರಲಿಲ್ಲ. ಯಾರೋ ಒಬ್ಬರ ಸಿಟ್ಟು ಲೆಟರ್‌ಹೆಡ್ ಮೇಲೆ ಕೂತಿತ್ತು, ಅಷ್ಟೇ.

ಪಾಲಿಕೆಯದಕ್ಕೆ ಮಾತ್ರ ಉತ್ತರ ಕೊಡಲೇಬೇಕಿತ್ತು. ಮೂರು ಸಲ ಫೋನ್ ಮಾಡಿದೆ, ಮೂರು ಬಗೆಯ ಉತ್ತರ ಸಿಕ್ಕಿತು. ಆಮೇಲೆ ಒಂದು ಉಪಾಯ ಕಲಿತೆ: "ಇದು ಯಾವ ಕಲಮಿನಲ್ಲಿದೆ ಸರ್?" ಅಂತ ಕೇಳುವುದು. ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಗೊತ್ತಿರುವವರಿಗೆ ಫೋನ್ ಕೊಡುತ್ತಾರೆ. ಜಾಲತಾಣದಲ್ಲಿದ್ದ ಪ್ರತಿ ಹಳೆಯದು, ತಿದ್ದುಪಡಿ ಬೇರೆ ಇದೆ ಅನ್ನೋದು ತಿಳಿದದ್ದೂ ಹೀಗೆಯೇ.

ಬೈಲಾ ಕೈಗೆ ಸಿಕ್ಕಾಗ ಎಲ್ಲರಂತೆ ನಾನೂ ನೇರವಾಗಿ ದಂಡದ ಪುಟಕ್ಕೆ ಹಾರಿದೆ. ಓದಬೇಕಾದದ್ದು ಅದಲ್ಲ, ಮೊದಲಲ್ಲೇ ಇರುವ 'ವ್ಯಾಖ್ಯಾನಗಳು'. 'ಮಾಲೀಕ' ಅನ್ನುವ ಪದವನ್ನೇ ನೋಡಿ. ಕೊಂಡವನು, ತಂದವನು ಮಾತ್ರ ಮಾಲೀಕ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ನಗರಗಳ ಬೈಲಾದಲ್ಲಿ ಪ್ರಾಣಿಗೆ ಆಸರೆ ಕೊಟ್ಟವರು, ಇಂತಿಷ್ಟು ದಿನ ಅನ್ನ ಹಾಕಿದವರೂ ಮಾಲೀಕರೇ. ನಮ್ಮದರಲ್ಲೂ ಹಾಗೇ ಇತ್ತು. ಅದನ್ನು ಓದಿ ನಮ್ಮ ಮೆಟ್ಟಿಲ ಮೇಲೆ ದಿನಾ ಸಂಜೆ ಬಂದು ಕೂರುವ ಬೂದು ಬೆಕ್ಕಿನ ಕಡೆ ತಿರುಗಿ ನೋಡಿದೆ. ಎರಡು ವರ್ಷದಿಂದ ತಟ್ಟೆ ಇಡುತ್ತಿದ್ದವನು ನಾನೇ. ಅದಕ್ಕೆ ಲಸಿಕೆ ಹಾಕಿಸಿದೆ. ನೋಂದಣಿಯ ಅರ್ಜಿ ಮಾತ್ರ ಬರೆಯಲಿಲ್ಲ.

ಇನ್ನು ಚುಕ್ಕಿಯ ನೋಂದಣಿ. ಅದಕ್ಕೆ ರೇಬೀಸ್ ಲಸಿಕೆಯ ಪ್ರಮಾಣಪತ್ರ ಬೇಕು, ಮೊದಲ ಲಸಿಕೆ ಸಾಮಾನ್ಯವಾಗಿ 12 ವಾರ ತುಂಬಿದ ಮೇಲೆ. ಹಾಗಾಗಿ ತಂದ ದಿನವೇ ನೋಂದಣಿ ಮಾಡಿಸಲು ಆಗುತ್ತಲೇ ಇರಲಿಲ್ಲ. ಆದರೆ ಲಸಿಕೆ ಆದ ಮೇಲೂ ಸುಮ್ಮನಿದ್ದದ್ದು ನನ್ನ ತಪ್ಪು. ಇನ್ನೊಂದು ವಿಷಯ ಗಮನಿಸಿ: ಮೂರು ವರ್ಷ ಬಾಳುವ ರೇಬೀಸ್ ಲಸಿಕೆಗಳಿವೆ, ಆದರೆ ಮೊದಲ ಡೋಸ್ ಆಗಿ ವರ್ಷಕ್ಕೆ ಮತ್ತೊಮ್ಮೆ ಹಾಕಿಸಲೇಬೇಕು. ಆಮೇಲೂ ಬೈಲಾ 'ಪ್ರತಿವರ್ಷ' ಅಂದಿದ್ದರೆ ಬಾಟಲಿಯ ಚೀಟಿ ತೋರಿಸಿ ವಾದ ಮಾಡಿ ಪ್ರಯೋಜನವಿಲ್ಲ.

ಅರ್ಜಿ ಒಮ್ಮೆ ವಾಪಸ್ ಬಂತು. ಕಾರಣ 'ಮೈಕ್ರೋಚಿಪ್ ಸಂಖ್ಯೆ ಸರಿಯಿಲ್ಲ'. ಪ್ರಾಣಿಯ ಚರ್ಮದಡಿ ಹಾಕುವ, ಅಕ್ಕಿಕಾಳಿನಷ್ಟಿರುವ ಈ ಚಿಪ್‌ನಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ಸೂ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಒಂದು ಸಂಖ್ಯೆ ಹೇಳುತ್ತದೆ, ಅಷ್ಟೇ. ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಚಿಪ್ ಆದರೆ ಆ ಸಂಖ್ಯೆಗೆ 15 ಅಂಕಿ, ಮೊದಲ ಮೂರು ದೇಶದ ಅಥವಾ ತಯಾರಕರ ಸಂಕೇತ. ಚುಕ್ಕಿಯ ಲಸಿಕೆ ಪುಸ್ತಕದಲ್ಲಿದ್ದದ್ದನ್ನು ಬೆರಳಿಟ್ಟು ಎಣಿಸಿದೆ, 14 ಬಂತು. ಇನ್ನೊಮ್ಮೆ ಎಣಿಸಿದೆ, ಮತ್ತೆ 14. ಕ್ಲಿನಿಕ್‌ಗೆ ಹೋಗಿ ಕುತ್ತಿಗೆಯ ಹಿಂದೆ ಸ್ಕ್ಯಾನರ್ ಆಡಿಸಿದಾಗ ಗೊತ್ತಾಯಿತು, ನಡುವೆ ಸಾಲಾಗಿ ಮೂರು ಸೊನ್ನೆ ಇದ್ದವು, ಬರೆದವರು ಎರಡೇ ಬರೆದಿದ್ದರು. ಅವಳು ಕಳೆದುಹೋಗಿದ್ದರೆ ಆ ಸಂಖ್ಯೆ ಹಿಡಿದು ಯಾರಿಗೂ ನಮ್ಮ ಮನೆ ಸಿಗುತ್ತಿರಲಿಲ್ಲ. ಚಿಪ್ ಹಾಕಿಸಿದ ದಿನವೇ ಎದುರಿಗೆ ಸ್ಕ್ಯಾನ್ ಮಾಡಿಸಿ ಎಣಿಸಿಕೊಳ್ಳಿ. ಆ ಸಂಖ್ಯೆಯ ಜೊತೆ ದಾಖಲಾದ ಮಾಲೀಕರ ವಿವರದಲ್ಲಿ ನಿಮ್ಮದೇ ಫೋನ್ ನಂಬರ್ ಇದೆಯೇ ಅಂತಲೂ ನೋಡಿಕೊಳ್ಳಿ.

ಹಗ್ಗದ ನಿಯಮದಲ್ಲಿ ಅಳತೆ ಇರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. 6 ಅಡಿಗೆ ಮಿತಿ ಹಾಕಿದ ನಗರಗಳು ಬಹಳ. ನನ್ನ ಹತ್ತಿರ ಇದ್ದದ್ದು ಗುಂಡಿ ಒತ್ತಿದರೆ 5 ಮೀಟರ್ ಬಿಚ್ಚಿಕೊಳ್ಳುವಂಥದ್ದು. ಅದೀಗ ಅಟ್ಟದ ಮೇಲಿದೆ. ಹಿಡಿದವರಿಗೆ ನಾಯಿಯನ್ನು ತಡೆಯುವ ಶಕ್ತಿ ಇರಬೇಕು ಅಂತಲೂ ಬರೆದಿತ್ತು, ಹಾಗಾಗಿ ಮಗಳು ಒಬ್ಬಳೇ ಚುಕ್ಕಿಯನ್ನು ಹೊರಗೆ ಕರೆದೊಯ್ಯುವುದು ನಿಂತಿತು. ಅವಳ ಮುನಿಸು ಇನ್ನೂ ಹೋಗಿಲ್ಲ.

ಮಲ ಎತ್ತುವ ವಿಷಯಕ್ಕೆ 'ಮಳೆ ಬಂದರೆ ಹೋಗುತ್ತೆ ಬಿಡಿ' ಅನ್ನುವವರು ಎಲ್ಲೆಡೆ ಸಿಗುತ್ತಾರೆ. ಹೋಗುವುದಿಲ್ಲ. ನಾಯಿಯ ಕರುಳಲ್ಲಿರುವ ದುಂಡುಹುಳದ ಮೊಟ್ಟೆ ಮಣ್ಣಿಗೆ ಬಿದ್ದು ಎರಡರಿಂದ ನಾಲ್ಕು ವಾರವಾದ ಮೇಲೇ ಸೋಂಕು ಹರಡುವ ಸ್ಥಿತಿಗೆ ಬರುತ್ತದೆ, ಆಮೇಲೆ ವರ್ಷಗಟ್ಟಲೆ ಅಲ್ಲೇ ಇರಬಲ್ಲದು. ಕಣ್ಣಿಗೆ ಕಾಣುವುದು ಕರಗಿಹೋದ ಮೇಲೂ ಮಣ್ಣಲ್ಲಿ ಆಡುವ ಮಕ್ಕಳಿಗೆ ಅಪಾಯ ಉಳಿದಿರುತ್ತದೆ. ಕೆಲವು ನಗರಗಳಲ್ಲಿ ಎತ್ತದಿದ್ದರೆ ಮಾತ್ರವಲ್ಲ, ಜೇಬಿನಲ್ಲಿ ಚೀಲ ಇಲ್ಲದೆ ಹೊರಟರೂ ತಪ್ಪೇ.

ಬೊಗಳುವುದರ ನಿಯಮ ಪ್ರಾಣಿಗಳ ಭಾಗದಲ್ಲಿ ಇರಲೇ ಇಲ್ಲ, ಗದ್ದಲದ ಭಾಗದಲ್ಲಿತ್ತು. ಅದನ್ನೂ ಹುಡುಕಿ ಓದಿ.

ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಕಚ್ಚಿದಾಗ ಏನು ಮಾಡಬೇಕು ಅನ್ನುವ ಅರ್ಧ ಪುಟ. ಪಾರ್ಸೆಲ್ ತಂದ ಹುಡುಗನ ಮೀನಖಂಡಕ್ಕೆ ಚುಕ್ಕಿ ಬಾಯಿ ಹಾಕಿದಳು. ಸಣ್ಣ ಗಾಯ, ಆದರೂ ಹಲ್ಲು ತಾಗಿತ್ತು. ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆಸಿ ಅವನನ್ನು ನಾನೇ ಆಸ್ಪತ್ರೆಗೆ ಕರೆದೊಯ್ದೆ. ಸಂಜೆ ಅಣ್ಣ ಫೋನ್ ಮಾಡಿ, "ಸ್ವಲ್ಪ ದಿನ ನಾಯಿನ ನಮ್ಮನೇಲಿ ಬಿಡೋ, ಗಲಾಟೆ ತಣ್ಣಗಾಗ್ಲಿ" ಅಂದ. ಬೈಲಾ ಓದಿರದಿದ್ದರೆ ಖಂಡಿತ ಕಳಿಸಿಬಿಡುತ್ತಿದ್ದೆ. ಕಚ್ಚಿದ ನಾಯಿಯನ್ನು 10 ದಿನ ಕಣ್ಗಾವಲಿನಲ್ಲಿ ಇಡಬೇಕು ಅನ್ನುವುದಕ್ಕೆ ಕಾರಣವಿದೆ: ರೇಬೀಸ್ ವೈರಸ್ ಜೊಲ್ಲಿಗೆ ಬರುವುದು ರೋಗದ ಕೊನೆಯ ಹಂತದಲ್ಲಿ. ಕಚ್ಚಿದ ಹೊತ್ತಿನಲ್ಲಿ ಜೊಲ್ಲಲ್ಲಿ ವೈರಸ್ ಇದ್ದಿದ್ದರೆ ಅಷ್ಟು ದಿನದೊಳಗೆ ನಾಯಿಯಲ್ಲಿ ಲಕ್ಷಣ ಕಾಣಿಸುತ್ತದೆ, ಇಲ್ಲವೇ ಅದು ಸಾಯುತ್ತದೆ. ನಾಯಿಯನ್ನು ಸಾಗಿಸಿಬಿಟ್ಟರೆ ಕಚ್ಚಿಸಿಕೊಂಡವನಿಗೆ ಆ ಖಾತ್ರಿಯೇ ತಪ್ಪಿಹೋಗುತ್ತದೆ. ನಾನೇ ಪಾಲಿಕೆಗೆ ತಿಳಿಸಿದೆ, ಚುಕ್ಕಿಯನ್ನು ಮನೆಯಲ್ಲೇ ಇಟ್ಟುಕೊಳ್ಳಲು ಅನುಮತಿ ಸಿಕ್ಕಿತು.

ಹತ್ತನೇ ದಿನ ಸಂಜೆ ಅಧಿಕಾರಿ ಬಂದರು. ಚುಕ್ಕಿಯನ್ನು ನೋಡಿ, ಪುಸ್ತಕದ ಸಂಖ್ಯೆಯನ್ನು ಸ್ಕ್ಯಾನರ್ ಜೊತೆ ತಾಳೆ ನೋಡಿ ಸಹಿ ಹಾಕಿದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಈ ಬೆಕ್ಕು ಯಾರದ್ರಿ?" ಅಂದರು.

ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು. "ನಮ್ಮದೇ ಸರ್" ಅಂದೆ.

ಚೀಲದಿಂದ ಇನ್ನೊಂದು ಅರ್ಜಿ ತೆಗೆದು ಕೊಟ್ಟರು.