ರೆಪ್ ತಂದ ಹಾಳೆಯನ್ನು ನಾನು ಓದುವ ಬಗೆ

ಔಷಧ ಕಂಪನಿಯ ಪ್ರತಿನಿಧಿ, ಅಂದರೆ ಮೆಡಿಕಲ್ ರೆಪ್, ಮೇಜಿನ ಮೇಲೆ ಇಡುವ ಔಷಧ ಪ್ರಚಾರದ ಹಾಳೆಯನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೇಲೆ ದಪ್ಪಕ್ಷರದ ಶೇಕಡಾವಾರು, ನಗುವ ಮುಖ. ತಳದಲ್ಲಿ, ಕನ್ನಡಕ ಹಾಕಿಯೂ ಕಷ್ಟಪಟ್ಟು ಓದಬೇಕಾದ ಗಾತ್ರದಲ್ಲಿ ಆಧಾರ. ಅಲ್ಲಿ ವೈದ್ಯಕೀಯ ಪತ್ರಿಕೆಯ ಹೆಸರಾಗಲಿ ವರ್ಷವಾಗಲಿ ಇಲ್ಲದೆ, ಮಾಹಿತಿ ಕಂಪನಿಯ ಕಡತದಲ್ಲಿದೆ ಎಂದಷ್ಟೇ ಇದ್ದರೆ ಮೇಲಿನದನ್ನು ಓದುವ ಗೋಜಿಗೇ ಹೋಗುವುದಿಲ್ಲ.

ಉಡುಪಿಯಲ್ಲಿ ನನ್ನದು ಸಣ್ಣ ಕ್ಲಿನಿಕ್. ಮಲ್ಪೆ ಬಂದರಿನ ಕೆಲಸದವರು, ಬೀಡಿ ಕಟ್ಟುವ ಹೆಂಗಸರು, ಮಕ್ಕಳೆಲ್ಲ ಮುಂಬೈ, ದುಬೈ ಸೇರಿದ ಮೇಲೆ ಇಬ್ಬರೇ ಉಳಿದ ಹಿರಿಯರು ಬರುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಮ್ಮೆ ಶುರುವಾದರೆ ವರ್ಷಾನುಗಟ್ಟಲೆ ನಡೆಯುತ್ತದೆ. ನಾನು ಬರೆಯುವ ಒಂದೊಂದು ಸಾಲಿನ ದುಡ್ಡು ಅವರ ಕೈಯಿಂದ ಹೋಗುತ್ತದೆ.

ಬಿಪಿ ಮಾತ್ರೆಯೊಂದರ ಹಾಳೆ ಈಗಲೂ ನನ್ನ ಬಳಿ ಇದೆ. ಎರಡು ಕಂಬಗಳ ಚಿತ್ರ: ಹೊಸ ಮಾತ್ರೆಯದು ಎತ್ತರ, ಹಳೆಯದರದು ಅದರ ಅರ್ಧ. ಎಡಬದಿಯ ಅಳತೆ ಮಾತ್ರ ಸೊನ್ನೆಯಿಂದಲ್ಲ, 10ರಿಂದ ಶುರುವಾಗಿತ್ತು. ಒಂದು ಮಾತ್ರೆ ಬಿಪಿಯನ್ನು 14ರಷ್ಟು ಇಳಿಸಿತ್ತು, ಇನ್ನೊಂದು 12ರಷ್ಟು. ಔಷಧ ಚೀಟಿಯ ಹಿಂಬದಿಯಲ್ಲಿ ಸೊನ್ನೆಯಿಂದ ಅದೇ ಕಂಬಗಳನ್ನು ಬಿಡಿಸಿ ರೆಪ್‌ಗೆ ತೋರಿಸಿದೆ. ಎರಡೂ ಹೆಚ್ಚುಕಡಿಮೆ ಸಮ. ಮಣಿಪಾಲದಲ್ಲಿ ಪಾಠ ಮಾಡುವ ಗೆಳೆಯರ ಮೂಲಕ ಮೂಲ ಲೇಖನ ತರಿಸಿದಾಗ ಇನ್ನೂ ದೊಡ್ಡ ಸಂಗತಿ ಹೊರಬಿತ್ತು: ಹೊಸ ಮಾತ್ರೆಯನ್ನು ಪೂರ್ಣ ಪ್ರಮಾಣದಲ್ಲಿ, ಹಳೆಯದನ್ನು ಕನಿಷ್ಠ ಪ್ರಮಾಣದಲ್ಲಿ ಕೊಟ್ಟು ಹೋಲಿಸಿದ್ದರು. ಹಾಳೆಯಲ್ಲಿ ಆ ಸುದ್ದಿಯೇ ಇಲ್ಲ.

“ಸರ್, ನಮಗೆ ಹೇಳಿಕೊಟ್ಟದ್ದನ್ನೇ ನಾವು ಹೇಳುವುದು” ಎಂದ ಆ ಹುಡುಗ. ಅದು ನಿಜ. ಆಷಾಢದ ಮಳೆಯಲ್ಲಿ ಬೈಕಿನ ಮೇಲೆ ಕುಂದಾಪುರದಿಂದ ಕಾಪುವರೆಗೆ ಸುತ್ತಿ ಟಾರ್ಗೆಟ್ ಮುಟ್ಟಿಸಬೇಕಾದವರು ಇವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕೂರಿಸಿ ಚಹಾ ಕೊಟ್ಟೇ ಮಾತಾಡುತ್ತೇನೆ. ಸಿಟ್ಟಿರುವುದು ಆ ಕಂಬವನ್ನು ಹಾಗೆ ಬಿಡಿಸಿದವರ ಮೇಲೆ.

ಅಂಕಿಗಳು ನಿಜವಾಗಿದ್ದೂ ದಾರಿ ತಪ್ಪಿಸಬಲ್ಲವು. 2003ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಆಸ್ಕಾಟ್ ಅಧ್ಯಯನದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಮಾತ್ರೆ ಹೃದಯಾಘಾತವನ್ನು ಶೇ. 36ರಷ್ಟು ಕಡಿಮೆ ಮಾಡಿತ್ತು. ಜಾಹೀರಾತಿನಲ್ಲಿ ಮೆರೆದದ್ದು ಆ 36. ಒಳಗಿನ ಲೆಕ್ಕ ಹೀಗಿತ್ತು: ಮೂರು ವರ್ಷಕ್ಕೆ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ, ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 3 ಮಂದಿಗೆ, ಔಷಧ ನುಂಗಿದವರಲ್ಲಿ ನೂರಕ್ಕೆ 1.9 ಮಂದಿಗೆ ಹೃದಯಾಘಾತ. ಎಂದರೆ, ಅಂಥ ರೋಗಿಗಳು ಸುಮಾರು ತೊಂಬತ್ತು ಮಂದಿ ಅಷ್ಟು ಕಾಲ ನುಂಗಿದರೆ ಒಬ್ಬರಿಗೆ ಆಗಬೇಕಿದ್ದದ್ದು ತಪ್ಪುತ್ತದೆ. ಔಷಧ ಒಳ್ಳೆಯದೇ. ಒಮ್ಮೆ ಹೃದಯಾಘಾತ ಆದವರಿಗೆ ನಾನು ಹಿಂದೆಮುಂದೆ ನೋಡದೆ ಬರೆಯುತ್ತೇನೆ, ಅವರಿಗೆ ಅಪಾಯವೂ ಹೆಚ್ಚು, ಲಾಭವೂ ಹೆಚ್ಚು. ಅಪಾಯ ಕಡಿಮೆ ಇರುವವರ ಎದುರು ಮಾತ್ರ ಈ ತೊಂಬತ್ತರ ಲೆಕ್ಕ ಇಟ್ಟು ಮಾತಾಡುತ್ತೇನೆ. ಆದ್ದರಿಂದ ಯಾವ ಶೇಕಡಾವಾರು ಕಂಡರೂ ‘ಎಷ್ಟು ಜನರಲ್ಲಿ, ಎಷ್ಟು ಕಾಲದಲ್ಲಿ?’ ಎಂದು ಕೇಳುತ್ತೇನೆ.

ಇನ್ನೊಂದು ಪ್ರಶ್ನೆ: ಇಳಿದದ್ದು ಲ್ಯಾಬ್ ರಿಪೋರ್ಟಿನ ಅಂಕಿಯೋ, ರೋಗಿಯ ಕಷ್ಟವೋ? ಸಕ್ಕರೆ ಕಾಯಿಲೆಯ ಮಾತ್ರೆ ರೋಸಿಗ್ಲಿಟಜೋನ್ ರಕ್ತದ ಸಕ್ಕರೆಯನ್ನು ಚೆನ್ನಾಗಿಯೇ ಇಳಿಸುತ್ತಿತ್ತು. 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೃದಯಾಘಾತದ ಅಪಾಯ ಹೆಚ್ಚುವ ಸುಳಿವು ಸಿಕ್ಕಿತು. 2010ರಲ್ಲಿ ಭಾರತದಲ್ಲಿ ಅದನ್ನು ನಿಲ್ಲಿಸಿದರು.

ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರಾಟ ಪ್ರಚಾರದ ಸಂಹಿತೆಯನ್ನು ಮುದ್ರಿಸಿ ಇಟ್ಟುಕೊಂಡಿದ್ದೇನೆ. ವಿವರಣೆಯಿಲ್ಲದೆ ‘ಸುರಕ್ಷಿತ’ ಎನ್ನುವಂತಿಲ್ಲ, ಅಡ್ಡಪರಿಣಾಮವೇ ಇಲ್ಲ ಎಂದು ಸಾರುವಂತಿಲ್ಲ, ಮಾರುಕಟ್ಟೆಗೆ ಬಂದು ವರ್ಷ ಕಳೆದದ್ದನ್ನು ‘ಹೊಸದು’ ಎನ್ನುವಂತಿಲ್ಲ. ಆ ಸಾಲುಗಳನ್ನು ತೋರಿಸಿ, ಮೂಲ ಲೇಖನ ತಂದರೆ ಮಾತ್ರ ಮುಂದಿನ ಮಾತು ಎನ್ನುತ್ತೇನೆ. ಕೆಲವರು ಬರುವುದನ್ನೇ ಬಿಟ್ಟರು. ಬರುವವರಲ್ಲಿ ಹೆಚ್ಚಿನವರು ಈಗ ಲೇಖನ ಹಿಡಿದೇ ಬರುತ್ತಾರೆ, ನಾನು ಗುರುತು ಹಾಕಿದ ಪುಟವನ್ನು ಅವರೂ ಬಗ್ಗಿ ಓದುತ್ತಾರೆ.

ಈಚೆಗೆ ಕಿರಿಯ ವೈದ್ಯರು ಇಂಥ ಹಾಳೆಗಳ ಫೋಟೊ ನನಗೆ ಕಳುಹಿಸುತ್ತಿದ್ದಾರೆ. ಭಾನುವಾರ ಮಧ್ಯಾಹ್ನ ಕುಳಿತು ಮೂಲ ಹುಡುಕಿ, ಎಷ್ಟು ಜನರಲ್ಲಿ, ಎಷ್ಟು ಪ್ರಮಾಣದಲ್ಲಿ, ಯಾರ ಹಣದಲ್ಲಿ ನಡೆದದ್ದು ಎಂದು ಬರೆದು ಕಳುಹಿಸುತ್ತೇನೆ. ನಿಮ್ಮ ಬಳಿಯೂ ಅಂಥದ್ದಿದ್ದರೆ ಕಳುಹಿಸಿ, ತಳದ ಸಣ್ಣ ಅಕ್ಷರ ಫೋಟೊದಲ್ಲಿ ಸ್ಪಷ್ಟವಾಗಿ ಬಂದಿರಲಿ.