ಅಡಿಕೆ ವಖಾರಿಯಲ್ಲಿ ಆರಿಸುವವರ ಕೆಲಸ ನಡೆಸುವುದು

ಶಿರಸಿಯ ವಖಾರಿಗಳಲ್ಲಿ ಚಾಲಿಯಿಂದ, ಅಂದರೆ ಒಣಗಿಸಿ ಸುಲಿದ ಹಣ್ಣಡಿಕೆಯಿಂದ, ಬಿಳೆಗೋಟು, ಕೆಂಪುಗೋಟು ಎಂಬ ಕೆಳದರ್ಜೆಯ ಅಡಿಕೆ ಬೇರೆ ಮಾಡುವಾಗ ಕೆಲಸ ಕೆಡುವುದು ಬಹಳ ಸಲ ಎರಡು ಬಾಯಿಯ ಮಾತಿನಿಂದ. ಮಾಲೀಕರು ‘ಬೇಗ’ ಅನ್ನುತ್ತಾರೆ, ಮೇಸ್ತ್ರಿ ‘ನೋಡಿ ಆರಿಸಿ’ ಅನ್ನುತ್ತಾರೆ. ಒಬ್ಬರಿಗೆ ಒಬ್ಬರದೇ ಆದೇಶ ಎಂಬುದು ಫ್ರಾನ್ಸಿನ ಆಡಳಿತ ಚಿಂತಕ ಆನ್ರಿ ಫಯೋಲ್ 1916ರಲ್ಲಿ ಕೊಟ್ಟ 14 ಆಡಳಿತ ತತ್ವಗಳಲ್ಲೊಂದು. ಮಾಲೀಕರು ಹೇಳುವುದನ್ನೆಲ್ಲ ಮೇಸ್ತ್ರಿಗೇ ಹೇಳಲಿ.

ಆರಿಸಲು ಕೂರುವ ಮೊದಲು ಪ್ರತಿ ತರಗತಿಯ ಹತ್ತು ಅಡಿಕೆಯನ್ನು ತಟ್ಟೆಯಲ್ಲಿಡಿ. ಅನುಮಾನದವನ್ನೂ ಇಡಿ, ಜಗಳ ಬರುವುದು ಅವುಗಳ ಮೇಲೆಯೇ.

ಕೂಲಿಯ ವಿಚಾರ ಸೂಕ್ಷ್ಮ. ಕಿಲೋ ಲೆಕ್ಕದಲ್ಲಿ ಕೊಟ್ಟರೆ ವೇಗ ಹೆಚ್ಚುತ್ತದೆ, ಬೆರಕೆಯೂ ಹೆಚ್ಚುತ್ತದೆ. ದಿನಗೂಲಿಯಲ್ಲಿ ಇದರ ತಿರುವುಮುರುವು. ಕಿಲೋ ಲೆಕ್ಕವೇ ಇದ್ದರೆ ಪ್ರತಿ ಚೀಲದ ನಡುವಿನಿಂದ ಒಂದು ಕಿಲೋ ತೆಗೆದು ಹಗಲು ಬೆಳಕಿನಲ್ಲಿ ಹರವಿ, ಬೆರಕೆ ಎಣಿಸಿ. ಎಷ್ಟರವರೆಗೆ ಒಪ್ಪಿಗೆ ಎಂಬುದನ್ನು ಬೆಳಿಗ್ಗೆಯೇ ಹೇಳಿರಬೇಕು, ಸಂಜೆ ದುಡ್ಡು ಎಣಿಸುವಾಗಲ್ಲ. ಗುಂಪಿಗೆ ಬೋನಸ್ ಕೊಡುವುದಾದರೆ ಗುಂಪು ಚಿಕ್ಕದಿರಲಿ, ಐದಾರು ಜನ ಸಾಕು. ದೊಡ್ಡ ಗುಂಪಿನಲ್ಲಿ ಯಾರು ದುಡಿದರು ಎಂಬುದು ಕಾಣದೆ, ದುಡಿಯುವವರೂ ಕೈ ಸಡಿಲ ಬಿಡುತ್ತಾರೆ.

ತಪ್ಪಿದ್ದರೆ ‘ಅಕ್ಕಾ, ಇಲ್ಲಿ ಬನ್ನಿ’ ಎಂದು ಪಕ್ಕಕ್ಕೆ ಕರೆದು, ಬೆರೆತ ಅಡಿಕೆಯನ್ನೇ ಕೈಗಿಟ್ಟು, ಅದೇ ದಿನ ತೋರಿಸಿ.